ರೊಟ್ಟಿ ತೆಗೆದ ಜಾಗದಲ್ಲಿ

ಅಜಂತಾ, ಎಲ್ಲೋರಾ ನೋಡಲು ವಿಮಾನದಲ್ಲಿ ಬಂದವರು ಇಳಿಯುವುದು ಚಿಕಲಠಾಣಾದಲ್ಲಿ. ಛತ್ರಪತಿ ಸಂಭಾಜಿನಗರದ, ಅಂದರೆ ನೆನ್ನೆ ಮೊನ್ನೆಯವರೆಗೆ ಔರಂಗಾಬಾದ್ ಆಗಿದ್ದ ಊರಿನ, ಪೂರ್ವದ ಅಂಚು ಅದು. ಜಾಲ್ನಾ ರಸ್ತೆಯ ಮೇಲಿರುವ ಈ ಹೆಸರನ್ನು ಪ್ರವಾಸಿಗರು ಒಮ್ಮೆ ಓದಿ ಮರೆಯುತ್ತಾರೆ. ಔಷಧ ಅಂಗಡಿಯವರಿಗೆ ಮಾತ್ರ ಅದು ಪರಿಚಿತ. ನಿಲ್ದಾಣದ ನೆರೆಯಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶವಿದೆ. ಔಷಧದ ಡಬ್ಬಿಗಳ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗುವ ವಿಳಾಸಗಳಲ್ಲಿ ಚಿಕಲಠಾಣಾವೂ ಒಂದು. ಇಲ್ಲಿ ಕಾರ್ಖಾನೆ ಇಟ್ಟುಕೊಂಡಿರುವ ವೋಕ್‌ಹಾರ್ಟ್ ಕಂಪನಿ 2003ರಲ್ಲಿ ‘ವೋಸುಲಿನ್’ ಎಂಬ ಹೆಸರಿನಲ್ಲಿ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಯೀಸ್ಟ್‌ಗೆ ಮನುಷ್ಯನ ಜೀನ್ ಸೇರಿಸಿ ಇನ್ಸುಲಿನ್ ಮಾಡಿಸುವ ವಿದ್ಯೆಯನ್ನು ನಮ್ಮ ದೇಶದ ಕಂಪನಿಯೊಂದು ಕೈಗೂಡಿಸಿಕೊಂಡದ್ದು ಆಗಲೇ. ಮರುವರ್ಷ ಬೆಂಗಳೂರಿನ ಬಯೋಕಾನ್‌ನ ‘ಇನ್ಸುಜೆನ್’ ಬಂತು.

ಇನ್ಸುಲಿನ್ ತಯಾರಿಕೆಗೆ ಹೆಸರಾದ ಇದೇ ಮರಾಠವಾಡದಲ್ಲಿ, ಮೈಯೊಳಗಿನ ಇನ್ಸುಲಿನ್ನನ್ನು ಕೆಣಕದೆ ತೂಕ ಇಳಿಸುವುದು ಹೇಗೆ ಎಂಬ ವಾದವೂ ಜೋರಾಗಿ ನಡೆಯಿತು. ಆ ವಾದ ಮನೆಮನೆಯ ಮಾತಾಯಿತು. ಎಷ್ಟರ ಮಟ್ಟಿಗೆಂದರೆ 2018ರ ಸುಮಾರಿಗೆ ಮರಾಠಿಗರು ಇಬ್ಬರು ಕೂಡಿದಲ್ಲಿ ‘ನೀವು ದೀಕ್ಷಿತರ ಕಡೆಯೋ ದಿವೇಕರ್ ಕಡೆಯೋ’ ಎಂದು ಕೇಳುತ್ತಿದ್ದರು.

ದೀಕ್ಷಿತರೆಂದರೆ ಡಾ. ಜಗನ್ನಾಥ ದೀಕ್ಷಿತ. ಲಾತೂರಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ವಿಚಾರದ ಮೂಲ ನಾಗಪುರದ ಶ್ರೀಕಾಂತ ಜಿಚಕಾರ್. ಪದವಿಗಳನ್ನು ಗುಡ್ಡೆ ಹಾಕಿದ ರಾಜಕಾರಣಿ ಎಂದು ಹೆಸರಾಗಿ, 2004ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡವರು. ದೀಕ್ಷಿತರ ನಿಯಮ ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು ಚಿಕ್ಕದು. ನಿಮಗೆ ನಿಜಕ್ಕೂ ಹಸಿವಾಗುವ ಎರಡು ಹೊತ್ತು ಯಾವುದೆಂದು ಗುರುತಿಸಿಕೊಳ್ಳಿ. ಆ ಎರಡು ಹೊತ್ತು ಮಾತ್ರ ಉಣ್ಣಿ, ಪ್ರತಿ ಊಟವೂ 55 ನಿಮಿಷದೊಳಗೆ ಮುಗಿಯಲಿ. ನಡುವೆ ನೀರು, ತಿಳಿಮಜ್ಜಿಗೆ, ಸಕ್ಕರೆ ಹಾಲು ಇಲ್ಲದ ಚಹಾ ಇಷ್ಟೇ. ದಿನಕ್ಕೆ 45 ನಿಮಿಷ ಬಿರುಸಾಗಿ ನಡೆಯಿರಿ. ಉಂಡಾಗಲೆಲ್ಲ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಏರಿದ್ದಾಗ ಕೊಬ್ಬು ಕರಗದು, ಆದ್ದರಿಂದ ಅದನ್ನು ದಿನಕ್ಕೆ ಎರಡೇ ಬಾರಿ ಏರಲು ಬಿಡಿ ಎಂಬುದು ಅವರ ತರ್ಕ. ಮುಂಬೈನ ಆಹಾರತಜ್ಞೆ ರುಜುತಾ ದಿವೇಕರ್ ಹೇಳುವುದು ಇದಕ್ಕೆ ತದ್ವಿರುದ್ಧ: ಎದ್ದ ಕೂಡಲೇ ಏನಾದರೂ ತಿನ್ನಿ, ಆಮೇಲೆ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ತುಪ್ಪಕ್ಕೂ ಅನ್ನಕ್ಕೂ ಹೆದರಬೇಡಿ.

ತಮಾಷೆಯೆಂದರೆ ಎರಡೂ ಕಡೆಯವರು ತೂಕ ಇಳಿಸಿಕೊಂಡರು. ಎರಡೂ ಕಡೆ ಬಿಟ್ಟುಹೋದವರೂ ಇದ್ದರು.

ದೀಕ್ಷಿತರ ತರ್ಕದಲ್ಲಿ ಶರೀರಶಾಸ್ತ್ರದ ಒಂದು ನಿಜವಿದೆ. ಇನ್ಸುಲಿನ್ನಿನ ಕೆಲಸ ರಕ್ತದ ಗ್ಲೂಕೋಸನ್ನು ಸ್ನಾಯುವಿನೊಳಕ್ಕೆ ಬಿಡುವುದಷ್ಟೇ ಅಲ್ಲ; ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಹೊರಬಿಡದಂತೆ ತಡೆಯುವುದೂ ಹೌದು. ಆದರೆ ದಿನದ ಕೊನೆಯಲ್ಲಿ ಎಷ್ಟು ಕೊಬ್ಬು ಕರಗಿತು ಎಂಬುದು ಎಷ್ಟು ಬಾರಿ ಉಂಡಿರಿ ಎಂಬುದಕ್ಕಿಂತ ಒಟ್ಟು ಎಷ್ಟು ಉಂಡಿರಿ ಎಂಬುದನ್ನೇ ಹೆಚ್ಚು ಅವಲಂಬಿಸಿರುತ್ತದೆ. ಚೀನಾದ ಗ್ವಾಂಗ್‌ಝೌದಲ್ಲಿ 139 ಸ್ಥೂಲಕಾಯದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಎರಡೂ ಗುಂಪಿಗೆ ಕ್ಯಾಲೊರಿ ಮಿತಿ ಒಂದೇ. ಒಂದು ಗುಂಪು ಮಾತ್ರ ಎಂಟು ಗಂಟೆಯೊಳಗೆ ಎಲ್ಲ ಊಟ ಮುಗಿಸಬೇಕು. ವರ್ಷದ ಕೊನೆಗೆ ಆ ಗುಂಪಿನವರು ಸರಾಸರಿ 8 ಕಿಲೊ, ಉಳಿದವರು 6.3 ಕಿಲೊ ಇಳಿದಿದ್ದರು. ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು ಎಂದು ಲೆಕ್ಕ ಹೇಳಿತು.

ಹಾಗಾದರೆ ಎರಡೂಟದ ನಿಯಮದಿಂದ ತೂಕ ಇಳಿದವರಿಗೆ ಏನಾಯಿತು? ನನ್ನ ಅಂದಾಜು ಇದು: ಭಾಕ್ರಿಗೆ, ಅಂದರೆ ರೊಟ್ಟಿಗೆ, ಕೈಹಾಕದೆ ಅದು ಚಹಾಕ್ಕೆ ಕೈಹಾಕಿತು. ಮರಾಠವಾಡದಲ್ಲಿ, ನಮ್ಮ ಬೀದರ ಕಲಬುರಗಿಗಳಲ್ಲಿ ಕೂಡ, ಯಾರ ಮನೆಗೆ ಹೋದರೂ ಯಾವ ಕಚೇರಿಗೆ ಹೋದರೂ ಚಹಾ ಬರುತ್ತದೆ, ಬೇಡವೆಂದರೆ ಮುನಿಸು ಬರುತ್ತದೆ. ಅರ್ಧ ಕಪ್ಪೇ ಇರಲಿ, ಎರಡು ಚಮಚ ಸಕ್ಕರೆ ಇದ್ದೇ ಇರುತ್ತದೆ. ಐದು ಚಹಾ ಎಂದರೆ 40 ಗ್ರಾಂ ದಾಟಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಅಲ್ಲಿಗೆ ಮುಗಿಯಿತು. ಜೊತೆಗೆ ಬಿಸ್ಕತ್ತು, ಚುರುಮುರಿ, ಹನ್ನೊಂದು ಗಂಟೆಯ ಪೋಹೆ. ‘ಡಾಕ್ಟರು ಎರಡೇ ಊಟ ಹೇಳಿದ್ದಾರೆ’ ಎಂಬ ಒಂದು ಮಾತಿನಿಂದ ಇವೆಲ್ಲ ಒಟ್ಟಿಗೆ ತಪ್ಪುತ್ತವೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಹೆಸರು ಹೇಳದೆಯೇ ಅದೊಂದು ಕಡಿಮೆ ಪಿಷ್ಟದ ಪಥ್ಯವಾಗಿತ್ತು. ಖರ್ಚೂ ಇರಲಿಲ್ಲ. ಎಡವಿದ್ದು ಪಾಳಿಯ ಕೆಲಸದವರ ಬಳಿ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ ಇರುವವನಿಗೆ ‘ನಿಜವಾದ ಹಸಿವಿನ ಎರಡು ಹೊತ್ತು’ ಎಂಬುದೇ ವಾರವಾರ ಜಾಗ ಬದಲಿಸುತ್ತದೆ. ರಾತ್ರಿ ಮೂರಕ್ಕೆ ನಿದ್ದೆ ತಡೆಯಲು ಅವನಿಗಿರುವ ಆಧಾರವೂ ಅದೇ ಸಿಹಿ ಚಹಾ.

ಅಂಥ ಪಾಳಿಯವನ ಮಧ್ಯಾಹ್ನದ ತಟ್ಟೆಯನ್ನೊಮ್ಮೆ ಹತ್ತಿರದಿಂದ ನೋಡೋಣ. ಕ್ಯಾಂಟೀನಿನ ಅಂಕಣಗಳಿರುವ ಸ್ಟೀಲ್ ತಟ್ಟೆ. ನಾಲ್ಕು ಚಪಾತಿ, ಒಂದು ಗುಡ್ಡೆ ಅನ್ನ, ಬಟಾಟೆ ಪಲ್ಯ, ತಳ ಕಾಣುವಷ್ಟು ತೆಳ್ಳಗಿನ ಬೇಳೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟೆಂದರೆ ಅದರಲ್ಲಿ ಪಿಷ್ಟ 20 ಗ್ರಾಂ ಸಮೀಪ, ನಾಲ್ಕಕ್ಕೆ 80. ಅನ್ನದಿಂದ 55, ಬಟಾಟೆಯಿಂದ 15, ಬೇಳೆಯಿಂದ 8. ಒಟ್ಟು ಹತ್ತಿರ ಹತ್ತಿರ 160 ಗ್ರಾಂ. ಪ್ರೋಟೀನು 22 ಗ್ರಾಂ, ಅದರಲ್ಲೂ ಹೆಚ್ಚಿನ ಪಾಲು ಚಪಾತಿಯದು. ಊಟದ ಕ್ಯಾಲೊರಿಯ ನಾಲ್ಕರಲ್ಲಿ ಮೂರು ಪಾಲು ಪಿಷ್ಟದಿಂದಲೇ ಬಂತು. ತಟ್ಟೆಯಲ್ಲಿ ನಾಲ್ಕು ಬಗೆ ಇದ್ದರೂ ಮೂರು ಬಗೆ ಒಂದೇ ಜಾತಿ.

ಈ ಲೆಕ್ಕ ಕಾರ್ಖಾನೆಯವರದಷ್ಟೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ ರಾಜ್ಯ ರಾಜ್ಯಗಳ ಜನರ ಊಟವನ್ನು ಅಳೆದು 2025ರಲ್ಲಿ ಪ್ರಕಟಿಸಿದ ಅಂಕಿ ಪ್ರಕಾರ ಭಾರತೀಯರ ಕ್ಯಾಲೊರಿಯ 62 ಶೇಕಡಾ ಪಿಷ್ಟ ಮತ್ತು ಸಕ್ಕರೆಯಿಂದ. ಇದೇ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿತ್ತು.

ತೂಕ ಇಳಿಸಲು ಪಿಷ್ಟ ಬಿಡುವುದು ಹೊಸ ಐಡಿಯಾ ಏನಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯ ವಿಲಿಯಂ ಬ್ಯಾಂಟಿಂಗ್ ಎಂಬಾತ ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಟಾಟೆ ಬಿಟ್ಟು ಇಳಿದ ಕತೆಯನ್ನು 1863ರಲ್ಲೇ ಕಿರುಹೊತ್ತಿಗೆ ಮಾಡಿ ಹಂಚಿದ. 1972ರಲ್ಲಿ ಅಮೆರಿಕದ ರಾಬರ್ಟ್ ಅಟ್ಕಿನ್ಸ್ ಅದನ್ನು ದೊಡ್ಡ ವ್ಯಾಪಾರ ಮಾಡಿದ. ಈಗ ‘ಕೀಟೊ’ ಎಂದು ಕರೆಯುವ ಕಟ್ಟುನಿಟ್ಟಿನ ಪಥ್ಯ 1921ರಲ್ಲಿ ಹುಟ್ಟಿದ್ದು ಮೂರ್ಛೆರೋಗದ ಮಕ್ಕಳಿಗಾಗಿ. ತೂಕಕ್ಕೂ ಅದಕ್ಕೂ ಆಗ ಸಂಬಂಧವಿರಲಿಲ್ಲ. ಅದರಲ್ಲಿ ದಿನದ ಪಿಷ್ಟ 20ರಿಂದ 50 ಗ್ರಾಂ ಮೀರುವಂತಿಲ್ಲ. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ತಟ್ಟಿದ ಒಂದು ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಬೇಕು. ಅದರಲ್ಲಿ 40 ಗ್ರಾಂ ಪಿಷ್ಟ. ಒಂದೇ ರೊಟ್ಟಿಗೆ ಕೀಟೊದವನ ದಿನದ ಪಡಿತರ ಖಾಲಿ. ಬೇಳೆಗೂ ಕಾಳಿಗೂ ಅಲ್ಲಿ ಜಾಗವಿಲ್ಲ. ಮಾಂಸ ತಿನ್ನದ ಮನೆಯಲ್ಲಿ ಪನೀರು, ಬಾದಾಮಿ, ಬೆಣ್ಣೆಯ ಮೇಲೆ ಬದುಕಬೇಕಾಗುತ್ತದೆ, ತಿಂಗಳ ಕಿರಾಣಿ ಚೀಟಿ ನೋಡಿದ ದಿನವೇ ಪಥ್ಯ ನಿಲ್ಲುತ್ತದೆ.

ಆದರೂ ಜನ ಮರುಳಾಗುವುದು ಮೊದಲ ವಾರಕ್ಕೆ. ಏಳು ದಿನದಲ್ಲಿ ಎರಡು ಮೂರು ಕಿಲೊ ಇಳಿದುಬಿಡುತ್ತದೆ. ಅದರ ಬಹುಪಾಲು ನೀರು. ಸ್ನಾಯು ಮತ್ತು ಯಕೃತ್ತಿನಲ್ಲಿ ನಾವು ಅರ್ಧ ಕಿಲೊ ಆಸುಪಾಸಿನಷ್ಟು ಗ್ಲೂಕೋಸನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುತ್ತೇವೆ. ಅದರ ಪ್ರತಿ ಗ್ರಾಂ ತನ್ನೊಂದಿಗೆ ಮೂರು ಗ್ರಾಂನಷ್ಟು ನೀರು ಹಿಡಿದಿರುತ್ತದೆ. ಪಿಷ್ಟ ನಿಂತ ಕೂಡಲೇ ಗ್ಲೈಕೊಜೆನ್ ಖರ್ಚಾಗುತ್ತದೆ, ನೀರು ಮೂತ್ರದಲ್ಲಿ ಹೋಗುತ್ತದೆ, ತಕ್ಕಡಿ ಖುಷಿಯ ಸುದ್ದಿ ಹೇಳುತ್ತದೆ. ಮದುವೆ ಮನೆಯಲ್ಲಿ ಒಂದು ದಿನ ಬೂಂದಿ, ಪುರಿ, ಪುಲಾವ್ ಉಂಡರೆ ಅಷ್ಟೂ ವಾಪಸು. ‘ಒಂದೇ ದಿನಕ್ಕೆ ಎರಡು ಕಿಲೊ ಬಂತು, ಎಲ್ಲ ವ್ಯರ್ಥ’ ಎಂದು ಕೈಬಿಡುವವರು ಹೆಚ್ಚು ಇಲ್ಲಿಯೇ. ಬಂದದ್ದೂ ನೀರೇ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ವರ್ಷಗಟ್ಟಲೆ ನೋಡಿದರೆ ಏನು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಕಡಿಮೆ ಪಿಷ್ಟ, ಇನ್ನೊಂದಕ್ಕೆ ಕಡಿಮೆ ಕೊಬ್ಬು ಎಂದು ಹೇಳಿತು. 2018ರಲ್ಲಿ ಫಲಿತಾಂಶ ಬಂತು. ಹನ್ನೆರಡು ತಿಂಗಳಲ್ಲಿ ಮೊದಲ ಗುಂಪು ಸರಾಸರಿ 6 ಕಿಲೊ, ಎರಡನೆಯದು 5.3 ಕಿಲೊ ಇಳಿದಿತ್ತು. ಗೆಲುವು ಸೋಲು ಇಲ್ಲ. ಯಾರ ಮೈಯಲ್ಲಿ ಇನ್ಸುಲಿನ್ ಹೆಚ್ಚು ಸ್ರವಿಸುತ್ತದೋ ಅವರಿಗೆ ಪಿಷ್ಟ ಬಿಡುವುದು ಹೆಚ್ಚು ಫಲಿಸೀತು ಎಂಬ ನಿರೀಕ್ಷೆಯೂ ಹುಸಿಯಾಯಿತು. ನನಗೆ ಸರಾಸರಿಗಿಂತ ಮುಖ್ಯವಾಗಿ ಕಂಡದ್ದು ಗುಂಪಿನ ಒಳಗಿನ ಹರವು: ಎರಡರಲ್ಲೂ ಸುಮಾರು 30 ಕಿಲೊ ಇಳಿದವರಿದ್ದರು, ಹತ್ತು ಕಿಲೊ ಏರಿದವರೂ ಇದ್ದರು. ಪಥ್ಯದ ಹೆಸರು ಒಂದೇ, ಒಗ್ಗಿದ್ದು ಕೆಲವರಿಗೆ. ಎರಡೂ ಗುಂಪಿಗೆ ಹೇಳಿದ್ದ ಸಮಾನ ಸಂಗತಿಯೊಂದಿತ್ತು. ಸಕ್ಕರೆ ಮತ್ತು ಮೈದಾ ಬಿಡಿ, ತರಕಾರಿ ಹೆಚ್ಚಿಸಿ ಎಂಬುದು.

ಈಗ ನಮ್ಮ ಸೀಮೆಯ ಪ್ರಶ್ನೆಗೆ ಬರೋಣ. 1956ರಲ್ಲಿ ರಾಜ್ಯಗಳ ಗಡಿ ಬದಲಾಗುವವರೆಗೆ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಎರೆಮಣ್ಣೂ ಹಿಂಗಾರಿ ಜೋಳವೂ ಇವತ್ತಿಗೂ ಒಂದೇ. ಸೋಲಾಪುರದ ಮೊಹೋಳದಲ್ಲಿ ಆರಿಸಿ ಬೆಳೆಸಿದ ಮಾಲದಂಡಿ ಜೋಳವನ್ನು ವಿಜಯಪುರದ ರೈತನೂ ಬಿತ್ತುತ್ತಾನೆ. ರೇಷನ್ ಅಂಗಡಿಯ ಗೋಧಿ ಅಕ್ಕಿ ಬಂದ ಮೇಲೆ ರೊಟ್ಟಿ ಹಿಂದೆ ಸರಿಯಿತು, ಬೊಜ್ಜು ಮುಂದೆ ಬಂತು, ಆದ್ದರಿಂದ ಮತ್ತೆ ಜೋಳಕ್ಕೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಗಡಿಯ ಎರಡೂ ಬದಿ ಇದೆ. 2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅದಕ್ಕೆ ನೀರೆರೆಯಿತು. ನಾನೂ ಜೋಳದ ಪಕ್ಷದವನೇ. ಆದರೆ ಅಂಕಿ ನೋಡಿ: 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ 78 ಗ್ರಾಂ, ಜೋಳದಲ್ಲಿ 68, ಗೋಧಿ ಹಿಟ್ಟಿನಲ್ಲಿ 64. ಜೋಳದಲ್ಲಿ ನಾರು ಹತ್ತು ಗ್ರಾಂ ಇದೆ, ಅಕ್ಕಿಯಲ್ಲಿ ಮೂರೂ ಇಲ್ಲ. ಹೊಟ್ಟೆ ತುಂಬಿದ ಭಾವನೆಗೆ ಅದರಿಂದ ಲಾಭವುಂಟು. ಹಾಗೆಂದು ನಾಲ್ಕು ಚಪಾತಿ ಬಿಟ್ಟು ಮೂರು ರೊಟ್ಟಿ ಉಂಡರೆ ಪಿಷ್ಟ 80ರಿಂದ 120ಕ್ಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಇಂಡಿಯಾಬ್ ವರದಿ ಹೇಳಿದ್ದೂ ಇದನ್ನೇ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ಇಟ್ಟರೆ, ಒಟ್ಟು ಪಿಷ್ಟ ಇಳಿಯದಿದ್ದಲ್ಲಿ, ಮಧುಮೇಹದ ಅಪಾಯವೂ ಇಳಿಯುವುದಿಲ್ಲ. ಕ್ಯಾಲೊರಿಯ ಐದು ಶೇಕಡಾದಷ್ಟು ಪಿಷ್ಟವನ್ನು ತೆಗೆದು ಆ ಜಾಗಕ್ಕೆ ಕಾಳು ಬೇಳೆಯದೋ ಹಾಲು ಮೊಸರಿನದೋ ಪ್ರೋಟೀನು ಇಟ್ಟಾಗ ಅಪಾಯ ಕಡಿಮೆಯಿದ್ದದ್ದು ಕಂಡಿತು. ಇದೇ ತಂಡ 2022ರಲ್ಲಿ 18,090 ಜನರ ಊಟದ ಮಾಹಿತಿ ಹಿಡಿದು ಹೊಸ ಮಧುಮೇಹಿಗಳಿಗೆ ಹೊಂದುವ ಪ್ರಮಾಣ ಲೆಕ್ಕ ಹಾಕಿತ್ತು: ಪಿಷ್ಟ 49ರಿಂದ 54 ಶೇಕಡಾ, ಪ್ರೋಟೀನು 19ರಿಂದ 20, ಉಳಿದದ್ದು ಕೊಬ್ಬು ಮತ್ತು ನಾರು. ಕೀಟೊದವರು ಇದನ್ನು ಕಡಿಮೆ ಪಿಷ್ಟವೆಂದು ಒಪ್ಪಲಿಕ್ಕಿಲ್ಲ. ಎಪ್ಪತ್ತೈದರಿಂದ ಹೊರಟವನಿಗೆ ಐವತ್ತೇ ದೊಡ್ಡ ಇಳಿತ. ಹತ್ತಕ್ಕೆ ಇಳಿಸಿ ಮೂರು ತಿಂಗಳಿಗೆ ಬಿಡುವುದಕ್ಕಿಂತ ಈ ಐವತ್ತೇ ಲೇಸು ಎಂಬುದು ನನ್ನ ಪಕ್ಷಪಾತ.

ಪಥ್ಯ ಆರಿಸುವಾಗ ನಾವು ಕೇಳುವುದು ‘ಏನು ಬಿಡಬೇಕು?’ ಎಂದು. ಆದರೆ ಅದು ಎಷ್ಟು ದಿನ ಬಾಳುತ್ತದೆ ಎಂಬುದು ತೆಗೆದ ರೊಟ್ಟಿಯ ಜಾಗದಲ್ಲಿ ಏನು ಬಂದು ಕೂರುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ. ಏನೂ ಬರದಿದ್ದರೆ ಹಸಿವು ಬರುತ್ತದೆ. ತೂಕ ಇಳಿಸಿದವರಲ್ಲಿ ಹಸಿವು ಕೆರಳಿಸುವ ಹಾರ್ಮೋನುಗಳು ಒಂದು ವರ್ಷದ ನಂತರವೂ ಏರಿಯೇ ಇರುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಮನೋಬಲದ ಮೇಲೆ ಅಷ್ಟು ದಿನ ಭಾರ ಹಾಕುವಂತಿಲ್ಲ.

ಅದೇ ಕ್ಯಾಂಟೀನಿನ ತಟ್ಟೆಗೆ ಮರಾಠವಾಡದ ಅಡುಗೆಮನೆಯ ಪದಾರ್ಥಗಳನ್ನೇ ಇಟ್ಟು ನೋಡೋಣ. ಒಂದು ಜೋಳದ ಭಾಕ್ರಿ. ಮೊಳಕೆ ಬಂದ ಮಡಕಿ ಕಾಳಿನ ಉಸಳಿ ದೊಡ್ಡ ಬಟ್ಟಲು, ಒಣಕಾಳಿನ ಲೆಕ್ಕದಲ್ಲಿ 50 ಗ್ರಾಂ. 40 ಗ್ರಾಂ ಕಡಲೆಹಿಟ್ಟಿನ ಪಿಠ್ಲಾ, ನಮ್ಮ ಝುಣಕದ ತೆಳು ರೂಪ. ಒಂದು ಬಟ್ಟಲು ಮೊಸರು. ಒಂದು ಹಿಡಿ ಹುರಿದ ಶೇಂಗಾ, ಅಥವಾ ಅದರದೇ ಹಿಂಡಿ. ಉಳ್ಳಾಗಡ್ಡಿ, ಸೌತೆ, ಮೂಲಂಗಿ ಬೇಕಾದಷ್ಟು. ಪಿಷ್ಟ 160ರಿಂದ 100 ಗ್ರಾಂ ಹತ್ತಿರಕ್ಕೆ ಇಳಿಯಿತು, ಪ್ರೋಟೀನು 22ರಿಂದ 36ಕ್ಕೆ ಏರಿತು, ಪಿಷ್ಟದ ಪಾಲು ಐವತ್ತು ಶೇಕಡಾಕ್ಕೆ ಬಂತು. ಕ್ಯಾಲೊರಿ ಹೆಚ್ಚೂಕಡಿಮೆ ಮೊದಲಿನಷ್ಟೇ ಇದೆ ಎಂಬುದನ್ನು ಮುಚ್ಚಿಡಬಾರದು. ಈ ಊಟವೇ ತೂಕ ಇಳಿಸುವುದಿಲ್ಲ. ಉಂಡವನು ನಾಲ್ಕು ಗಂಟೆಗೆ ವಡಾಪಾವ್ ಹುಡುಕಿಕೊಂಡು ಹೋಗದಿರುವುದರಿಂದ ತೂಕ ಇಳಿಯುತ್ತದೆ. ಅಳೆಯಬೇಕಾದ್ದು ಎಣ್ಣೆಯನ್ನು. ಪಿಠ್ಲಾಕ್ಕೆ ಒಗ್ಗರಣೆ ಹಾಕುವಾಗ ಡಬ್ಬಿಯಿಂದ ನೇರ ಸುರಿದರೆ ಒಂದೊಂದು ಚಮಚಕ್ಕೂ 45 ಕ್ಯಾಲೊರಿ ಸದ್ದಿಲ್ಲದೆ ಸೇರುತ್ತದೆ. ಶೇಂಗಾ ಕೂಡ ಹಿಡಿಗೆ ನಿಲ್ಲಬೇಕು.

ಮಡಕಿ, ಕಡಲೆ, ತೊಗರಿ, ಶೇಂಗಾ ನಾಲ್ಕೂ ಈ ಕಡೆ ಬೆಳೆಯುವಂಥವೇ. ಅಜ್ಜಿಗೆ ಹೇಳಿಕೊಡಬೇಕಾಗಿಲ್ಲ, ಮನೆಯವರಿಗೆ ಬೇರೆ ಪಾತ್ರೆ ಇಡಬೇಕಾಗಿಲ್ಲ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಿಂದ 12 ಗ್ರಾಂ ಪ್ರೋಟೀನು ಸುಲಭ. ವರ್ಷಕ್ಕೆ ನಾಲ್ಕು ಹಬ್ಬದ ಹೋಳಿಗೆ ಯಾವ ಪಥ್ಯವನ್ನೂ ಕೆಡಿಸಿಲ್ಲ. ಕೆಡಿಸುವುದು ಉಪವಾಸ! ಆಷಾಢ ಏಕಾದಶಿಗೆ, ಸಂಕಷ್ಟಿಗೆ, ಗುರುವಾರಕ್ಕೆ ಸಾಬೂದಾಣೆ ಖಿಚಡಿ ಮಾಡುತ್ತಾರೆ. ಸಾಬೂದಾಣೆ ಎಂದರೆ ಮರಗೆಣಸಿನ ಶುದ್ಧ ಪಿಷ್ಟ: 100 ಗ್ರಾಂಗೆ 87 ಗ್ರಾಂ ಪಿಷ್ಟ, ಪ್ರೋಟೀನು ಹೆಸರಿಗೂ ಇಲ್ಲ. ಬಟಾಟೆ ಬೇರೆ ಸೇರುತ್ತದೆ. ಮರಾಠಿ ಮನೆಯಲ್ಲಿ ವಾರದ ಅತಿ ಹೆಚ್ಚು ಪಿಷ್ಟದ ದಿನ ಉಪವಾಸದ ದಿನವೇ ಆಗಿರಬಹುದು. ಆ ದಿನ ಶೇಂಗಾ, ಮೊಸರು, ಹಣ್ಣುಗಳಲ್ಲೇ ಮುಗಿಸಿದರೆ ವಿಠ್ಠಲನ ಆಕ್ಷೇಪಣೆ ಇರಲಾರದು.

ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತೂಕದ ಅನುಪಾತ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಯಡ್ಕಿನ್ ಅವರದು 9.1 ಶೇಕಡಾ, ಯಾಜ್ಞಿಕರದು 21.2. ನಮ್ಮವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತಿರುತ್ತಾರೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಡ. ಆದ್ದರಿಂದ ಸೊಂಟದ ಸುತ್ತಳತೆ ನೋಡಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ನೀರಿನ ಏರಿಳಿತಕ್ಕೆ ಟೇಪು ಅಷ್ಟಾಗಿ ಮೋಸಹೋಗುವುದಿಲ್ಲ.

ಇಲ್ಲೊಂದು ಗಂಭೀರ ಮಾತು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಏಕಾಏಕಿ ಪಿಷ್ಟ ಇಳಿಸಬಾರದು. ಔಷಧದ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು, ಹೊಸ ಊಟಕ್ಕೆ ಅದು ಹೆಚ್ಚಾಗಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರು ಕೀಟೊ ಮಾಡಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ, ಸಕ್ಕರೆ ಹೆಚ್ಚಿಲ್ಲದಿದ್ದರೂ. ಕಿಡ್ನಿ ತೊಂದರೆ ಇರುವವರು ಪ್ರೋಟೀನು ಹೆಚ್ಚಿಸುವ ಮುನ್ನ ಕೇಳಬೇಕು. ಗರ್ಭಿಣಿಯರಿಗೆ ತೂಕ ಇಳಿಸುವ ಪಥ್ಯವೇ ಸಲ್ಲದು.

ಉಳಿದದ್ದು ದುಡ್ಡಿನ ಪ್ರಶ್ನೆ. ಅಕ್ಕಿ ಗೋಧಿ ರೇಷನ್ನಿನಲ್ಲಿ ಪುಕ್ಕಟೆ ಸಿಗುವಾಗ ಕಾಳು, ಮೊಸರಿಗೆ ಕೈಯಿಂದ ಕೊಡಬೇಕು. ಕ್ಯಾಂಟೀನಿನ ಗುತ್ತಿಗೆದಾರನಿಗೂ ಅದೇ ಲೆಕ್ಕ. ಹೊಟ್ಟೆ ತುಂಬಿಸಲು ಅನ್ನದಷ್ಟು ಅಗ್ಗದ್ದು ಇನ್ನೊಂದಿಲ್ಲವಾದ್ದರಿಂದ ಬೇಳೆ ತೆಳ್ಳಗಾಗುತ್ತ ಹೋಗುತ್ತದೆ. ಚಿಕಲಠಾಣಾದ ಕಾರ್ಮಿಕನೊಬ್ಬ ಮನೆಯಲ್ಲಿ ಏನೇ ಪಥ್ಯ ಮಾಡಿದರೂ ದಿನದ ದೊಡ್ಡ ಊಟ ಕ್ಯಾಂಟೀನಿನದು. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಕ್ಯಾಂಟೀನ್ ನಡೆಸಲು ಹೇಳುವಾಗಲೇ, ಅದರ ಆಡಳಿತದಲ್ಲಿ ಕಾರ್ಮಿಕರ ಪ್ರತಿನಿಧಿಗಳಿರುವ ಸಮಿತಿಗೂ ದಾರಿ ಮಾಡಿತ್ತು. ಇಂಥ ಸಮಿತಿಗಳಲ್ಲಿ ಚಹಾದ ದರಕ್ಕೆ, ಹಬ್ಬದ ಸಿಹಿಗೆ ಜಗಳ ನಡೆಯುವುದುಂಟು. ಎರಡನೇ ಸಲದ ಅನ್ನದ ಬದಲು ಒಂದು ಬಟ್ಟಲು ಉಸಳಿ ಕೊಡಿ, ಚಹಾದ ಸಕ್ಕರೆಯನ್ನು ಬೇರೆಯಾಗಿ ಇಡಿ ಎಂದು ಅಲ್ಲಿ ಬರೆದುಕೊಟ್ಟರೆ ಗುತ್ತಿಗೆದಾರ ಮೊದಲು ದರ ಏರಿಸುವ ಮಾತಾಡುತ್ತಾನೆ. ಎಷ್ಟು ಏರಿಸುತ್ತಾನೆ ಎಂದು ಕೇಳಿ, ಉಳಿದ ಅಕ್ಕಿ ಸಕ್ಕರೆಯ ದುಡ್ಡನ್ನು ಅದರಿಂದ ಕಳೆದು, ತಟ್ಟೆಗೆ ಎಷ್ಟು ಬೀಳುತ್ತದೆ ಎಂದು ಅವನೆದುರೇ ಲೆಕ್ಕ ಹಾಕಬೇಕು.